ನೆಲ ಕಾಣದ ಬೆನ್ನು

ಪಾಲಮ್ಮ ಗಂಡನ ರುಮಾಲು ಬಿಚ್ಚಿ, ಅದರಿಂದಲೇ ಅವನ ಎದೆಯನ್ನು ಪಡಸಾಲೆಯ ಕಂಬಕ್ಕೆ ಬಿಗಿಯುತ್ತಿದ್ದಳು. ಉಜ್ಜಿನಪ್ಪನ ಜೀವ ಹೋಗಿ ಇನ್ನೂ ಮೈ ಸೆಟೆದಿರಲಿಲ್ಲ. ತಲೆ ಮತ್ತೆ ಮತ್ತೆ ಎದೆಯ ಮೇಲೆ ಜೋಲುತ್ತಿತ್ತು. ಗರಡಿಯಲ್ಲಿ ಅವನ ಶಿಷ್ಯನಾಗಿದ್ದ ಎರ್ರಪ್ಪ ಗದ್ದ ಎತ್ತಿ ಹಿಡಿದಿದ್ದ.

ಕುಲದ ಹಿರಿಯ ಹುಲುಗಪ್ಪ ಅಂಗಳದಲ್ಲಿ ನಿಂತು ಗೊಣಗಿದ. "ಏನವ್ವ ಇದು? ಕುಂಡ್ರಿಸಿ ಹೂಳೋದು ಲಿಂಗ ಕಟ್ಟಿದವರ ಪದ್ಧತಿ. ನಮ್ಮ ಮಂದಿಯಾಗ ಮಲಗಿಸ್ತೀವಿ. ನಿನ್ನ ಗಂಡ ಒಬ್ಬಗ ಬ್ಯಾರೆ ಕಾನೂನೇನು?"

"ಹೌದು ಮಾವ, ಬ್ಯಾರೇನ," ಎಂದಳು ಪಾಲಮ್ಮ ಗಂಟು ಹಾಕುತ್ತಲೇ. "ಬದುಕಿರೋತನ ಅವರ ಬೆನ್ನು ನೆಲಕ್ಕ ತಾಗಿಲ್ಲ. ಈಗ ನಾನು ತಾಗಸಂಗಿಲ್ಲ."

ಇದು ಹೆಂಡತಿಯೊಬ್ಬಳ ಜಂಬವಲ್ಲ. ರಾಯದುರ್ಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಉಜ್ಜಿನಪ್ಪನನ್ನು ಚಿತ್ ಮಾಡಿದ ಪೈಲ್ವಾನ ಹುಟ್ಟಿಲ್ಲ. ಅವನು ನಿದ್ದೆಯಲ್ಲೂ ಅಂಗಾತ ಮಲಗುತ್ತಿರಲಿಲ್ಲ. ಕನಸಿನಲ್ಲೂ ಯಾರಾದರೂ ಕೆಡವಿಯಾರು ಅಂತ ಹೆದರಿಕೆಯೇ ಎಂದು ಮದುವೆಯಾದ ಹೊಸದರಲ್ಲಿ ಪಾಲಮ್ಮ ಚೇಷ್ಟೆ ಮಾಡುತ್ತಿದ್ದಳು. ಆಮೇಲಾಮೇಲೆ ಅವಳಿಗೂ ಅದರ ಬೆಲೆ ತಿಳಿಯಿತು. ಕಡೆಯ ಜ್ವರದಲ್ಲಿ ಅವಳೇ ಅವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಿದ್ದಳು. ಅವನ ಉಸಿರು ನಿಂತದ್ದು ಅವಳಿಗೆ ತಿಳಿದದ್ದೂ ಬೆನ್ನಿನಿಂದಲೇ.

ಬೀದಿಯಲ್ಲಿ ಜನ ಸರಿದು ದಾರಿ ಬಿಟ್ಟರು. ಲಕ್ಷ್ಮೀನರಸಪ್ಪ ಬರುತ್ತಿದ್ದ. ಮಡಕಶಿರಾ ಸೀಮೆಯ ಈ ಧಣಿ ಸಂತೆಯ ನೆಪ ಹೇಳಿಕೊಂಡು ಮೊನ್ನೆಯೇ ಬಂದು ಜವಳಿ ಅಂಗಡಿಯವರ ಮನೆಯಲ್ಲಿ ಇಳಿದಿದ್ದ. ಉಜ್ಜಿನಪ್ಪನ ಜ್ವರದ ಸುದ್ದಿ ಮುಟ್ಟಿದ ಮೇಲೆ ಅವನು ಬಂದದ್ದು ಯಾವ ಸಂತೆಗೆ ಎಂದು ಎಲ್ಲರಿಗೂ ಗೊತ್ತಿತ್ತು. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು. ಬಲಗೈಯಲ್ಲಿ ಸಿಂಹದ ಮುಖದ ಬೆಳ್ಳಿ ಕಡಗ ಮಾತ್ರ ಹಾಗೇ ಇತ್ತು. ಸಾವಿನ ಮನೆಗೆ ಬಂದವರು ಮೊದಲು ಸತ್ತವನ ಮುಖ ನೋಡುತ್ತಾರೆ. ಇವನು ಕಂಬಕ್ಕೆ ಒರಗಿದ ಬೆನ್ನು ನೋಡಿದ.

*

ಮಡಕಶಿರಾ ಸೀಮೆಯ ರತ್ನಗಿರಿಯ ಆಚೆ ಲಕ್ಷ್ಮೀನರಸಪ್ಪನದು ದೊಡ್ಡ ಮನೆತನ. ಉಳಿದ ಧಣಿಗಳು ಕುದುರೆ ಸಾಕಿದರೆ ಇವನು ಉಜ್ಜಿನಪ್ಪನನ್ನು ಸಾಕಿದ. ಮೀಸೆ ಚಿಗುರುತ್ತಿದ್ದವನನ್ನು ರಾಯದುರ್ಗದ ಗರಡಿಯಿಂದ ಕರೆದೊಯ್ದು ಹಾಲು, ತುಪ್ಪ, ಬಾದಾಮಿ ತಿನ್ನಿಸಿದ. ಒಂದೇ ಆಟಕ್ಕೆ ತಣಿಯುವ ಮೈಯಲ್ಲ ಅದು. ಬೆಳಿಗ್ಗೆ ಕಲ್ಲುಗುಂಡನ್ನು ಹೆಗಲಿಗೆತ್ತಿ ಹಿಂದಕ್ಕೆ ಒಗೆಯುವ ಪಂದ್ಯ, ಮಧ್ಯಾಹ್ನ ಜಟಕಾ ಕುದುರೆಯ ಜೊತೆ ಓಟ, ಸಂಜೆ ಕುಸ್ತಿ. ಮೂರೂ ಗೆದ್ದು ಅವನು ಊಟಕ್ಕೆ ಕೂತರೆ ಅದನ್ನು ನೋಡಲೂ ಜನ ಸೇರುತ್ತಿದ್ದರು.

ಹಿಂದೂಪುರ, ಸಿರಾ, ಪಾವಗಡ, ಎಲ್ಲಿ ಹೋದರೂ ಡೇರೆ ಹಾಕಿಸಿ ಟಿಕೆಟ್ಟು ಮಾರುವವನು ಧಣಿ, ಮೈ ಮುರಿದುಕೊಳ್ಳುವವನು ಉಜ್ಜಿನಪ್ಪ, ಇನಾಮು ಕಟ್ಟಿಕೊಂಡು ಹೋಗುವವನು ಮತ್ತೆ ಧಣಿ. ಉಜ್ಜಿನಪ್ಪನಿಗೆ ಸಿಕ್ಕ ಆಸ್ತಿ ಎಂದರೆ ಕೆರೆ ಕೆಳಗಿನ ಒಂದು ತುಂಡು ಹೊಲ, ಅದೂ ಬಾಯಿಮಾತಿನಲ್ಲಿ. ಇನ್ನೊಂದು ಆ ಕಡಗ. ಎಂದೂ ಚಿತ್ ಆಗದವನೆಂದು ಮಡಕಶಿರಾದ ಜನರೆಲ್ಲ ಸೇರಿ ಮಾಡಿಸಿ ತೊಡಿಸಿದ್ದು. ಅದರಲ್ಲಿ ಧಣಿಯ ಕಾಸಿರಲಿಲ್ಲ.

ಬಳ್ಳಾರಿಯಿಂದ ಹೊಸ ಪೈಲ್ವಾನನೊಬ್ಬ ಬಂದ ದಿನ ಧಣಿ ಉಜ್ಜಿನಪ್ಪನನ್ನು ಡೇರೆಯ ಹಿಂದಕ್ಕೆ ಕರೆದ.

"ಈ ಸಲ ಬಿದ್ಬಿಡ್ಲಾ ಉಜ್ಜಿನಪ್ಪ. ನಾನು ಅವನ ಮೇಲೆ ಬಾಜಿ ಕಟ್ಟಿವ್ನಿ. ಒಂದು ಗಳಿಗೆ ಬೆನ್ನು ತಾಗ್ಸು, ಸಾಕು. ನಿನ್ ಗಂಟೇನು ಹೋಗ್ತೈತೆ?"

"ಬೆನ್ನು ನಂದ್ರಿ ಧಣಿ," ಎಂದ ಉಜ್ಜಿನಪ್ಪ. "ಅದೊಂದು ನಿಮ್ಮನಿ ಹಾಲು ಕುಡದು ಬೆಳದದ್ದಲ್ಲ."

ಬಳ್ಳಾರಿಯವನನ್ನು ಅವನು ಬೀಡಿ ಸೇದಿ ಮುಗಿಸುವಷ್ಟು ಹೊತ್ತಿನಲ್ಲಿ ಕೆಡವಿದ. ಮರುದಿನ ಧಣಿಯ ನಾಲ್ವರು ಆಳುಗಳು ಕಡಗ ಕಿತ್ತುಕೊಳ್ಳಲು ಮನೆಗೆ ನುಗ್ಗಿದರು, ಹಿಂದೆಯೇ ಧಣಿಯೂ ಬಂದ. ಮನಸ್ಸು ಮಾಡಿದ್ದರೆ ಉಜ್ಜಿನಪ್ಪ ಅವರನ್ನು ಒಂದೇ ಕೈಯಲ್ಲಿ ಆಚೆ ಒಗೆಯುತ್ತಿದ್ದ. ಆದರೆ ಬಾಗಿಲಲ್ಲಿ ಬಸುರಿ ಪಾಲಮ್ಮ ನಿಂತಿದ್ದಳು, ಅವಳ ಪಕ್ಕದಲ್ಲಿ ಕೋವಿ ಹಿಡಿದ ಧಣಿಯ ತಮ್ಮ. ಉಜ್ಜಿನಪ್ಪ ಸುಮ್ಮನೆ ಕೈ ಚಾಚಿದ. ಹರಳೆಣ್ಣೆ ಸುರಿದು ತಿರುವಿ ತಿರುವಿ ಎಳೆದಾಗ ಕಡಗದ ಜೊತೆ ಚರ್ಮವೂ ಬಂತು.

ಲಕ್ಷ್ಮೀನರಸಪ್ಪ ಅದನ್ನು ಒರೆಸಿ ತನ್ನ ಕೈಗೆ ತೊಟ್ಟುಕೊಂಡ. "ನಿನ್ ಬೆನ್ನು ನೆಲಕ್ಕೆ ತಾಗಿದ್ದು ಕಣ್ಣಾರೆ ನೋಡೋಗಂಟ ಇದನ್ನ ಬಿಚ್ಚಾಕಿಲ್ಲ. ಮುನೇಶ್ವರನ ಆಣೆ."

ಗಂಡ ಹೆಂಡತಿ ಕೊಯ್ಲಿಗೆ ಬಂದ ರಾಗಿಯನ್ನು ಹೊಲದಲ್ಲೇ ಬಿಟ್ಟು ರಾಯದುರ್ಗದ ದಾರಿ ಹಿಡಿದರು. ದಾರಿಯಲ್ಲಿ ಪಾಲಮ್ಮನ ಬಸುರು ಹೋಯಿತು. ಮತ್ತೆ ನಿಲ್ಲಲಿಲ್ಲ.

ಆಮೇಲೆ ಉಜ್ಜಿನಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಹಮಾಲಿಯಾದ. ಧಣಿ ವರ್ಷ ವರ್ಷವೂ ಹೊಸ ಪೈಲ್ವಾನರನ್ನು ಅವನ ಮೇಲೆ ಬಿಡುತ್ತಿದ್ದ. ಹಗಲೆಲ್ಲ ಮೂಟೆ ಹೊತ್ತು ದಣಿದವನು ಸಂಜೆ ಗರಡಿಗೆ ಇಳಿದು ಅವರನ್ನು ಕೆಡವಿ, ಕೈಗೆ ಬಸ್ ಚಾರ್ಜು ಕೊಟ್ಟು ವಾಪಸು ಕಳಿಸುತ್ತಿದ್ದ.

*

"ಕಂಬಕ್ಕೆ ಯಾಕಮ್ಮಿ ಕಟ್ಟಿದ್ದೀಯ?" ಎಂದ ಲಕ್ಷ್ಮೀನರಸಪ್ಪ. ಕೂರಿಸಿ ಹೂಳುತ್ತಾರೆಂದು ತಿಳಿದಾಗ ಅವನ ಮುಖ ಕೆಂಪಾಯಿತು. "ಅದೆಂಗಾಯ್ತದೆ? ಏನ್ ಹುಲುಗಪ್ಪ, ನಿಮ್ಮಲ್ಲಿ ಕಟ್ಟಲೆ ಅಂತ ಒಂದಿಲ್ವಾ?"

"ನಾನೂ ಅದನ್ನ ಹೇಳಾಕ ಹತ್ತೀನ್ರಿ ಧಣಿ."

ಧಣಿ ಪಾಲಮ್ಮನ ಕಡೆ ತಿರುಗಿ ದನಿ ತಗ್ಗಿಸಿದ. "ನೋಡಮ್ಮಿ. ಕುಂಡ್ರಿಸಬೇಡ, ಮಲಗಿಸು. ಮೊದಲ ಹಿಡಿ ಮಣ್ಣು ನಾನು ಹಾಕ್ತೀನಿ. ಕಡಗಾನೂ ಅಲ್ಲೇ ಬಿಚ್ಚಿ ಕೊಡ್ತೀನಿ. ಬೇಕಾರೆ ಕೆರೆ ಕೆಳಗಿನ ಹೊಲಾನೂ ನಿನ್ನ ಹೆಸರಿಗೇ ರಿಜಿಸ್ಟ್ರಿ ಮಾಡಿಸ್ತೀನಿ."

ಅಂಗಳದಲ್ಲಿ ಗುಸುಗುಸು ಎದ್ದಿತು. ಗಂಡನಿಲ್ಲ, ಮಕ್ಕಳಿಲ್ಲ, ನಾಳೆ ಒಲೆ ಹೊತ್ತುವ ದಾರಿಯಿಲ್ಲ. ಒಪ್ಪಿಕೋ ಎಂದು ಹುಲುಗಪ್ಪ ಕಣ್ಣಲ್ಲೇ ಸನ್ನೆ ಮಾಡಿದ.

ಪಾಲಮ್ಮ ಕಡಗದ ಕಡೆ ನೋಡಿದಳು. ಅವಳ ಹೊಟ್ಟೆಯಲ್ಲಿ ಅಂದು ಹೊತ್ತಿದ ಬೆಂಕಿ ಇಷ್ಟು ವರ್ಷದಲ್ಲಿ ಒಂದು ದಿನವೂ ಆರಿರಲಿಲ್ಲ.

"ಮಲಗಿಸಬೇಕು. ಅಷ್ಟ ಅಲ್ಲೇನ್ರಿ ಧಣಿ?"

"ಅಷ್ಟೇ. ಮಲಗಿಸು."

"ಎಲ್ಲಾರೂ ಕೇಳಿಸ್ಕೊಂಡ್ರಿಲ್ರಿ? ಹೊಲ ನಿಮಗ ಇರ್ಲಿ, ಅದನ್ನ ಬಿಟ್ಟು ಬರೋ ದಾರ್ಯಾಗ ನನ್ನ ಕೂಸು ಹೋಗೈತಿ. ಕಡಗ ಕೊಡ್ರಿ. ಮಸಣದಾಗಲ್ಲ, ಇಲ್ಲೇ, ಈಗ."

ಗೆದ್ದ ಸಂಭ್ರಮದಲ್ಲಿ ಧಣಿಗೆ ಆಣೆಯೂ ಮರೆತುಹೋಯಿತು. ಕೈ ಚಾಚಿದ. ಕಡಗ ಕೊಬ್ಬಿನಲ್ಲಿ ಹೂತು ಹೋಗಿತ್ತು. ಪಾಲಮ್ಮ ಒಳಗಿನಿಂದ ಹರಳೆಣ್ಣೆ ತಂದು ಸುರಿದು, ತಾನೇ ಹಿಡಿದು ತಿರುವಿದಳು.

"ಅಯ್ಯೋ, ನಿಧಾನ ಕಣಮ್ಮಿ!"

"ನಿಧಾನ ಹೆಂಗಂತ ನಿಮ್ಮ ಮನಿಯಾಗ ಕಲಿಸಲಿಲ್ರಿ," ಎಂದು ಜಗ್ಗಿದಳು. ಧಣಿ ಕೂಗಿಕೊಂಡ. ಕಡಗದ ಅಂಚಿಗೆ ರಕ್ತ ಹತ್ತಿತ್ತು. ಅವಳಿಗೆ ಹಿತವಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಉಜ್ಜಿನಪ್ಪನ ಕೈ ಜ್ವರದಲ್ಲಿ ಸೊರಗಿತ್ತು. ತೊಡಿಸಿದ ಕಡಗ ಜಾರಿ ಬಂತು. ಪಾಲಮ್ಮ ಸೆರಗಿನ ಅಂಚು ಹರಿದು ಅದನ್ನು ಮುಂಗೈಗೆ ಬಿಗಿದಳು. ಆಮೇಲೆ ರುಮಾಲಿನ ಗಂಟು ಬಿಚ್ಚುವ ನೆಪದಲ್ಲಿ ಎರ್ರಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಎರ್ರಪ್ಪ ಬೆಚ್ಚಿ ಅವಳ ಮುಖ ನೋಡಿ, ತಲೆಯಾಡಿಸಿದ. ಚಟ್ಟದ ಮೇಲೆ ಹೆಣವನ್ನು ಮಗ್ಗುಲಾಗಿ ಮಲಗಿಸಿ ಎತ್ತಿದರು.

*

ಕೋಟೆ ಬೆಟ್ಟದ ಬುಡದ ಮಸಣದಲ್ಲಿ ಗುಂಡಿ ಸಿದ್ಧವಾಗಿತ್ತು. ಅವರ ಕುಲದಲ್ಲಿ ಹೆಂಗಸರೂ ಮಣ್ಣು ಕೊಡಲು ಮಸಣಕ್ಕೆ ಹೋಗುತ್ತಾರೆ. ಲಕ್ಷ್ಮೀನರಸಪ್ಪ ಎಲ್ಲರಿಗಿಂತ ಮುಂದೆ, ಗುಂಡಿಯ ಅಂಚಿನಲ್ಲೇ ನಿಂತ. ಮಣ್ಣನ್ನು ಆಗಲೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಎರ್ರಪ್ಪ ಮತ್ತೊಬ್ಬನ ಜೊತೆ ಗುಂಡಿಗೆ ಇಳಿದು, ಹೊದಿಕೆ ತೆಗೆದು, ಗುರುವನ್ನು ತೋಳಲ್ಲಿ ಇಳಿಸಿಕೊಂಡ. ತಲೆಯೆತ್ತಿ ಪಾಲಮ್ಮನನ್ನು ನೋಡಿದ.

"ಬೋರಲ ಮಲಗಸು," ಎಂದಳು ಅವಳು ಎಲ್ಲರಿಗೂ ಕೇಳುವಂತೆ.

ಅವನು ಬೋರಲಾಗಿ ಮಲಗಿಸಿದ.

"ತಲಿ ಕೆಟ್ಟೈತೇನು ನಿಂಗ?" ಹುಲುಗಪ್ಪ ಕಿರುಚಿದ. "ಬೋರಲ ಹೂಳಿದರ ದೆವ್ವ ಆಗ್ತಾನ!"

"ಆಗ್ಲಿ ಮಾವ. ಮಡಕಶಿರಾದ ದಾರಿ ಅವರಿಗೆ ಗೊತ್ತೈತಿ."

ಲಕ್ಷ್ಮೀನರಸಪ್ಪ ಅಂಚಿನಿಂದಲೇ ಕೂಗಿದ. "ಮೋಸ! ಕಡಗ ಇಸ್ಕೊಂಡು ಮೋಸ! ಮಲಗಿಸ್ತೀನಿ ಅಂದಿದ್ದೆ ನೀನು!"

"ಮಲಗ್ಯಾರಲ್ರಿ."

"ತಿರುಗಿಸ್ರೋ ಅವನ್ನ!"

ಯಾರೂ ಅಲುಗಲಿಲ್ಲ. ಸ್ಟೇಷನ್ನಿನ ಹಮಾಲಿಗಳಿದ್ದರು, ಗರಡಿಯ ಹುಡುಗರಿದ್ದರು. ಅವರಲ್ಲಿ ಒಬ್ಬ ನಕ್ಕ, ನಗು ಸಾಲಿನಿಂದ ಸಾಲಿಗೆ ಹರಿಯಿತು. ಕುಸ್ತಿ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೋರಲಾಗಿ ನೆಲ ಹಿಡಿದ ಪೈಲ್ವಾನ ಸೋತವನಲ್ಲ. ಅವನನ್ನು ಹೊರಳಿಸಿ ಬೆನ್ನು ತಾಗಿಸುವ ತನಕ ಪಂದ್ಯ ಮುಗಿಯುವುದಿಲ್ಲ.

ಎರ್ರಪ್ಪನೂ ಜೊತೆಯವನೂ ಗುಂಡಿಯಿಂದ ಮೇಲೆ ಬಂದರು. ಪಾಲಮ್ಮ ಹೆಜ್ಜೆ ಹಾಕಿ ಧಣಿಯ ಎದುರಿಗೆ ನಿಂತಳು. "ಎಷ್ಟು ಮಂದೀನ ಕಳಿಸಿದ್ರಿ ಧಣಿ! ನೀವು ಒಮ್ಮಿನೂ ಅಖಾಡಕ್ಕ ಇಳೀಲಿಲ್ಲ. ಈಗ ಇಳೀರಿ, ಹೊಳ್ಳಿಸ್ರಿ. ಅವರು ಕೈ ಎತ್ತಂಗಿಲ್ಲ."

ಅವನು ಗುಂಡಿ ನೋಡಿದ, ಜನರನ್ನು ನೋಡಿದ. ಇಳಿಯಲಿಲ್ಲ.

"ಹಂಗಾರ ಮಣ್ಣರ ಹಾಕ್ರಿ. ಮೊದಲ ಹಿಡಿ ನಿಮ್ದಂತ ನೀವ ಅಂದೀರಿ."

ಅಖಾಡದಲ್ಲಿ ಎದುರಾಳಿಯ ಮೈಮೇಲೆ ಒಂದು ಹಿಡಿ ಮಣ್ಣು ಎರಚಿದವನು ಕುಸ್ತಿಗೆ ಒಪ್ಪಿದ ಹಾಗೆ, ಆಮೇಲೆ ಇಳಿಯದಿದ್ದರೆ ಸೋತ ಹಾಗೆ. ಇದು ಗರಡಿಯ ಚಿಕ್ಕ ಹುಡುಗರಿಗೂ ಗೊತ್ತು, ಡೇರೆ ಹಾಕಿಸಿ ಜೀವನ ಕಳೆದ ಲಕ್ಷ್ಮೀನರಸಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಬರಿದಾದ ಮುಂಗೈಯಲ್ಲಿ ಹರಳೆಣ್ಣೆಯ ಜೊತೆ ರಕ್ತ ಇಳಿಯುತ್ತಿತ್ತು.

ಹುಲುಗಪ್ಪ ಸನಿಕೆ ಹಿಡಿದು ಕಾದ. ಜನ ಕಾದರು. ಕೆಳಗೆ ಉಜ್ಜಿನಪ್ಪನ ಅಗಲವಾದ ಬೆನ್ನು ನಡುಮಧ್ಯಾಹ್ನದ ಬಿಸಿಲಿಗೆ ತೆರೆದುಕೊಂಡು ಮಲಗಿತ್ತು. ಮೇಲೆ ಧಣಿಯ ಮುಷ್ಟಿ ಬಿಚ್ಚಲಿಲ್ಲ.