ಬಸಲಿಂಗ ಮಾಸ್ತರರ ಟಿಕಳಿ ಚಾರ್ಟು

ಬಸಲಿಂಗ ಮಾಸ್ತರರು ಯಾದಗಿರಿಯಲ್ಲಿ ತರಬೇತಿ ಮುಗಿಸಿಕೊಂಡು ಬಂದರೆಂದರೆ ಅವರ ಶಾಲೆಯ ಮಕ್ಕಳಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಹಿಂದಿನ ಸಲ ಕಡ್ಡಿಯಿಂದ ಲೆಕ್ಕ ಕಲಿಸುತ್ತೇನೆಂದು ಹೊರಟು ಊರಿನ ಕಸಬರಿಗೆಗಳನ್ನೆಲ್ಲ ಬೋಳು ಮಾಡಿಸಿದ್ದರು. ಈ ಸಲ ತಂದದ್ದು ಬಹುಮಾನದ ಚಾರ್ಟು. ಪ್ರತಿ ಮಗುವಿಗೂ ಬೇರೆ ಚಾರ್ಟು, ಅದರ ಮೇಲೆ ಅವರಿಗಿಷ್ಟವಾದ ಚಿತ್ರ, ಕೆಳಗೆ ಅವರೇ ಆರಿಸಿದ ಬಹುಮಾನ. ಒಳ್ಳೆಯ ಕೆಲಸಕ್ಕೊಂದು ಹೊಳೆಯುವ ನಕ್ಷತ್ರ. ಚಾರ್ಟಿನ ಮನೆಗಳೆಲ್ಲ ತುಂಬಿದ ದಿನ ಬಹುಮಾನ ಕೈಗೆ.

ನಕ್ಷತ್ರಗಳು ಶಹಾಪುರದಲ್ಲಿ ಸಿಗಲಿಲ್ಲ. ಶಾಲೆ ಇದ್ದದ್ದು ದೋರನಹಳ್ಳಿ ದಾಟಿದ ಮೇಲೆ ಬರುವ ಸಣ್ಣ ಊರಿನಲ್ಲಿ. ಅಲ್ಲಂತೂ ಸಿಗುವ ಮಾತೇ ಇಲ್ಲ. ಮಾಸ್ತರರು ಸೋಲುವ ಆಸಾಮಿಯಲ್ಲ. ದಾವಲಬೀಯ ಬಳೆ ಅಂಗಡಿಗೆ ನುಗ್ಗಿ ಹೆಂಗಸರು ಹಣೆಗಿಡುವ ಟಿಕಳಿ ಪಾಕೀಟುಗಳನ್ನು ಬಾಚಿಕೊಂಡರು.

"ಇಷ್ಟೊಂದು ಯಾರಿಗ್ರಿ ಮಾಸ್ತರ?" ಎಂದಳು ದಾವಲಬೀ.

"ನಮ್ಮ ಐದನೇ ಕ್ಲಾಸಿನ ಹುಡುಗರಿಗಿ."

ದಾವಲಬೀ ಮುಂದೆ ಏನೂ ಕೇಳಲಿಲ್ಲ. ಸಂಜೆಯೊಳಗೆ ಇಡೀ ಊರು ಕೇಳಿತು.

ಚಾರ್ಟುಗಳು ಗೋಡೆಗೇರಿದವು. ಟ್ರ್ಯಾಕ್ಟರಿನ ಚಿತ್ರ ಬಿಡಿಸಿದ ತೌಫೀಕ್ ಶಾಲೆಯ ಗಂಟೆ ಬಾರಿಸುವ ಬಹುಮಾನ ಕೇಳಿದ; ಸಿಕ್ಕ ದಿನ ಮಧ್ಯಾಹ್ನಕ್ಕೇ ಬಾರಿಸಿ ಶಾಲೆ ಬಿಡಿಸಿದ. ಎಮ್ಮೆ ಬಿಡಿಸಿದ ಮೋನಮ್ಮಳಿಗೆ ಮಾಸ್ತರರ ಕುರ್ಚಿ ಬೇಕಿತ್ತು. ಬುದ್ಧಪ್ರಿಯನ ಮಗಳು ಶಿವಾನಿ ಸೈಕಲ್ಲಿನ ಚಿತ್ರದ ಕೆಳಗೆ ದುಂಡಗೆ ಬರೆದಳು: ಸರ್ ನಮ್ಮ ಮನೆಗೆ ಊಟಕ್ಕೆ ಬರಬೇಕು.

ಮಾಸ್ತರರು ಅದನ್ನು ಓದಿ ಕನ್ನಡಕ ಒರೆಸಿಕೊಂಡರು. ಕನ್ನಡಕದ ತಪ್ಪೇನೂ ಇರಲಿಲ್ಲ.

ಅವರ ಹೊಟ್ಟೆ ಆ ಊರಿನಲ್ಲಿ ಪ್ರಸಿದ್ಧ. ಮೋನಮ್ಮಳ ತಮ್ಮನ ತೊಟ್ಟಿಲ ಕಾರ್ಯಕ್ಕೆ ಹೋಗಿ ಹೋಳಿಗೆಯ ಬುಟ್ಟಿ ಖಾಲಿ ಮಾಡಿದವರು ಅವರೇ. ರಂಜಾನಿಗೆ ತೌಫೀಕನ ಮನೆಯಲ್ಲಿ ಬಟ್ಟಲು ಬಟ್ಟಲು ಶಾವಿಗೆಯ ಸುರಕುಂಬಾ ಕುಡಿದು, "ಜಾತಿ ಗೀತಿ ನನ್ನ ಹಂತ್ಯಾಕ ಸುಳಿಯಂಗಿಲ್ಲ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತು ಭಾಷಣ ಬಿಗಿದವರೂ ಅವರೇ. ಆದರೆ ಬುದ್ಧಪ್ರಿಯನ ಮನೆಯಿದ್ದ, ಪಂಚಶೀಲ ಧ್ವಜ ಹಾರುವ ದಲಿತರ ಓಣಿಗೆ ಮಾತ್ರ ಆ ಹೊಟ್ಟೆ ಈವರೆಗೆ ಹೋಗಿರಲಿಲ್ಲ. ಬುದ್ಧಪ್ರಿಯ ಕರೆದಾಗಲೆಲ್ಲ ಅದಕ್ಕೆ ಉಪವಾಸ ನೆನಪಾಗುತ್ತಿತ್ತು, ಇಲ್ಲವೇ ನೋವು ಶುರುವಾಗುತ್ತಿತ್ತು.

"ನಾ ಖಂಡ ಗಿಂಡ ತಿನ್ನಂಗಿಲ್ಲವ್ವಾ" ಎಂದು ಒಂದು ಕೈ ನೋಡಿದರು.

"ರೊಟ್ಟಿ, ಪುಂಡಿಪಲ್ಯ ಮಾಡ್ತಾರ್ರಿ ಸರ. ನಮ್ಮವ್ವಗ ಕೇಳೀನಿ."

ಶಿವಾನಿ ಜಾಣೆ. ಮಾಸ್ತರರ ಸಂಕಟವೇ ಅದು. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಹುಡುಗಿಯ ಚಾರ್ಟು ತುಂಬದಂತೆ ತಡೆಯುವುದು ಸಣ್ಣ ಕೆಲಸವಲ್ಲ. ಉಳಿದವರಿಗೆ ಉಗುರು ಕತ್ತರಿಸಿದ್ದಕ್ಕೆ ಟಿಕಳಿ, ಸದ್ದಿಲ್ಲದೆ ಸೀನಿದ್ದಕ್ಕೂ ಟಿಕಳಿ. ಶಿವಾನಿ ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸಿದರೆ, "ದನಿ ಸಣ್ಣದಾತು" ಎನ್ನುವರು. ಜೋರಾಗಿ ಒಪ್ಪಿಸಿದರೆ, "ಹೆಣ್ಣುಹುಡುಗಿ, ಹಂಗ ಒದರಬಾರದು" ಎನ್ನುವರು. ಇದಕ್ಕೆ ಹೇಡಿತನ ಅಂತಲೇ ಹೆಸರು; ಎಷ್ಟು ತರಬೇತಿ ಮುಗಿಸಿದರೂ ಬೇರೆ ಹೆಸರು ಸಿಗುವುದಿಲ್ಲ. ಅವಳ ಚಾರ್ಟಿನ ಕೊನೆಯ ಸಾಲು ಹತ್ತಿ ಬಿಡಿಸುವ ಕಾಲ ಬಂದರೂ ಖಾಲಿಯೇ ಇತ್ತು.

ಒಂದು ಬೆಳಿಗ್ಗೆ ಮಾಸ್ತರರು ಒಳಗೆ ಬಂದರೆ ಆ ಸಾಲು ಝಗಝಗ ಹೊಳೆಯುತ್ತಿದೆ. ಉಳಿದ ಚಾರ್ಟುಗಳಲ್ಲಿ ಅಲ್ಲಲ್ಲಿ ಅಂಟಿನ ಕಲೆ ಮಾತ್ರ ಉಳಿದಿದೆ.

"ಯಾರ್ಲೇ ಇದು ಮಾಡಿದ್ದು?"

ಮೋನಮ್ಮ ಎದ್ದು ನಿಂತಳು. "ಮುಯ್ಯಾಳ್ರಿ ಸರ. ಇವತ್ತ ಅವರು ನಮ್ಮ ಹೊಲಕ್ಕ ಹತ್ತಿ ಬಿಡಸಾಕ ಬಂದ್ರ, ನಾಳಿ ನಾವು ಅವರ ಹೊಲಕ್ಕ ಹೋಗಬೇಕಲ್ರಿ? ಅಕಿ ನಮಗೆಲ್ಲ ಭಾಗಾಕಾರ ಕಲಿಸ್ಯಾಳ. ನಾವು ನಮ್ಮ ಟಿಕಳಿ ಕಿತ್ತು ಅಕಿಗಿ ಹಚ್ಚೀವಿ."

ಮುಯ್ಯಾಳನ್ನು ತಪ್ಪು ಎನ್ನುವ ಧೈರ್ಯ ಆ ಸೀಮೆಯಲ್ಲಿ ಯಾರಿಗೂ ಇಲ್ಲ. ಮಾಸ್ತರರು ಕ್ಯಾಲೆಂಡರಿನ ಕಡೆ ನೋಡಿದರು. ಏಕಾದಶಿ ಇರಲಿಲ್ಲ, ಸಂಕಷ್ಟಿಯೂ ಇರಲಿಲ್ಲ. ಹಣೆಯ ಮೇಲೆ ಬೆವರೊಡೆಯಿತು. ಕರವಸ್ತ್ರ ತೆಗೆದರು, ಮಡಚಿದರು, ಮತ್ತೆ ತೆಗೆದರು. ಮಕ್ಕಳೆಲ್ಲ ನೋಡುತ್ತ ಕೂತಿದ್ದವು.

"ಆತು. ಇವತ್ತ ಮಧ್ಯಾಹ್ನನೇ ಬರ್ತೀನಿ" ಎಂದುಬಿಟ್ಟರು.

ಅಂದ ಮೇಲೆ ಅವರಿಗೇ ಆಶ್ಚರ್ಯವಾಗುವಷ್ಟು ಹಗುರವಾಯಿತು. ಪುಂಡಿಪಲ್ಯವೆಂದರೆ ಅವರಿಗೆ ಪ್ರಾಣ. ಜೊತೆಗೆ, ಮುಂದಿನ ತರಬೇತಿಯಲ್ಲಿ ಎದ್ದು ನಿಂತು ಈ ಊಟದ ಕಥೆ ಹೇಳಿದರೆ ಚಪ್ಪಾಳೆ ಗ್ಯಾರಂಟಿ. ಹೇಳುವುದನ್ನು ಎಲ್ಲಿಂದ ಶುರು ಮಾಡಬೇಕೆಂದೂ ಯೋಚಿಸತೊಡಗಿದರು.

ಶಿವಾನಿ ಎದ್ದಳು. "ಬ್ಯಾಡ್ರಿ ಸರ."

"ಯಾಕವ್ವಾ? ಚಾರ್ಟ್ ತುಂಬೇದಲ್ಲ!"

"ನೀವು ಕ್ಯಾಲೆಂಡರ್ ನೋಡಾಗ ನಿಮ್ಮ ಮಾರಿ ನೋಡಿದ್ನಿರಿ."

ಅವಳು ಗೋಡೆಯ ಹತ್ತಿರ ಹೋಗಿ ಕೊನೆಯ ಸಾಲಿನ ಟಿಕಳಿಗಳನ್ನು ಉಗುರಿನಿಂದ ಎಬ್ಬಿಸಿ, ಯಾರ್ಯಾರವು ಅವರವರ ಅಂಗೈಗೆ ಹಾಕುತ್ತ ಬಂದಳು. ತೌಫೀಕನ ಮುಂದೆ ನಿಂತು ಮಾಸ್ತರರ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ ಲೆಕ್ಕ ಕೇಳುವ ಹಾಗೆ ಕೇಳಿದಳು.

"ಸರ, ಸುರಕುಂಬಾ ಕುಡಿಲಾಕ ನೀವು ಇವರ ಮನಿಗಿ ಹೋದಾಗ, ಇವ ಎಷ್ಟು ಟಿಕಳಿ ತುಂಬಿಸಿದ್ದನ್ರಿ?"