ಹೆಗಲಿನ ಎತ್ತರ

"ಎಲುಬು ಕೂಡದಿದ್ರ ಏನ್ ಮಾಡ್ತಿ?" ಎಂದು ವಿಶಾಖಾ ಮೂರನೆಯ ಸಲ ಕೇಳಿದಾಗಲೂ ತಮ್ಮ ರಾಜಾರಾಮ ತಲೆ ಎತ್ತಲಿಲ್ಲ. ಅವನ ಮುಂದೆ, ಎತ್ತರ ಹೆಚ್ಚಿಸುವ ಶಸ್ತ್ರಚಿಕಿತ್ಸೆಗೆ ದೂರದ ಆಸ್ಪತ್ರೆಯವರು ಸಹಿಗೆಂದು ಕೊಟ್ಟ ಹಾಳೆಗಳಿದ್ದವು.

ವಿಶಾಖಾ ವಿಜಯಪುರದ ಎಲುಬಿನ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷದಿಂದ ನರ್ಸು. ತೊಡೆಯ ಎಲುಬು ಕತ್ತರಿಸಿ, ಒಳಗೆ ಸರಳು ಕೂಡಿಸಿ, ದಿನಕ್ಕೊಂದು ಮಿಲಿಮೀಟರಿನಂತೆ ಜಗ್ಗುತ್ತ ಹೋದರೆ ಮನುಷ್ಯ ಮೂರು ಇಂಚು ಎತ್ತರವಾಗಬಹುದು, ನಿಜ. ಆದರೆ ಕೀವು ತುಂಬಬಹುದು, ನರ ಸೆಳೆದು ಪಾದ ಜೋತುಬೀಳಬಹುದು, ಕೊಬ್ಬಿನ ಕಣ ಶ್ವಾಸಕೋಶಕ್ಕೇರಿ ಜೀವಕ್ಕೇ ಕುತ್ತು ಬರಬಹುದು. ಬೇರೆಯವರ ಕಾಲಾಗಿದ್ದರೆ ಇದನ್ನೆಲ್ಲ ಪಾಠದಂತೆ ಒಪ್ಪಿಸುತ್ತಿದ್ದಳು. ಇದ್ದೊಬ್ಬ ತಮ್ಮನ ಕಾಲೆಂದೊಡನೆ ಅದೊಂದೇ ಪ್ರಶ್ನೆ ಮತ್ತೆ ಮತ್ತೆ ಬಾಯಿಗೆ ಬರುತ್ತಿತ್ತು.

ಐದಡಿಯ ರಾಜಾರಾಮ ತಿಕೋಟಾದ ಅಂಚೆ ಕಚೇರಿಯಲ್ಲಿ ಗುಮಾಸ್ತ. ಕನ್ಯೆ ಸಿಗದ್ದಕ್ಕೇ ಅವನಿಗೆ ಈ ಹುಚ್ಚು ಹತ್ತಿದೆ ಎಂದು ಜೋರಾಪುರ ಪೇಟೆಯ ಅವರ ಓಣಿ ಎಂದೋ ತೀರ್ಪು ಕೊಟ್ಟಾಗಿತ್ತು. ಊರ ಬಾಯಿಗೆ ಬೀಗ ಹಾಕಲಾದೀತೇ? ವಿಶಾಖಾ ಕೂಡ ಹಾಗೇ ತಿಳಿದಿದ್ದಳು; ಇವತ್ತು ಅದನ್ನು ಆಡಿಯೂಬಿಟ್ಟಳು.

"ಕನ್ಯಾಕ್ಕಲ್ಲ ಅಕ್ಕಾ," ಎಂದ ಅವನು. "ಅಪ್ಪನ ಚಟ್ಟಕ್ಕ ನನ್ನ ಹೆಗಲ ಮುಟ್ಟಲಿಲ್ಲ. ಸ್ಮಶಾನದ ತನಕ ಬರೇ ಕೈ ಮ್ಯಾಲ ಮಾಡ್ಕೊಂಡ ನಡದೆ. ಅವ್ವನ ಹೊತ್ತಿಗರ..."

ಅಪ್ಪ ಸಾಬಣ್ಣ ಹೋಗಿ ಎರಡು ವರ್ಷ. ಹೆಗಲು ಕೊಟ್ಟ ಉಳಿದ ಮೂವರೂ ಉದ್ದಾಳುಗಳು. ಹಿಂದೆಯೇ ಅಳುತ್ತ ನಡೆದಿದ್ದ ವಿಶಾಖಾಳಿಗೂ ತಮ್ಮನ ಹೆಗಲು ಬರಿದಾಗಿದ್ದು ಕಂಡಿರಲಿಲ್ಲ. ಅದಕ್ಕಾಗಿ ಈಗ ಅವಳಿಗೆ ತುಂಬ ನಾಚಿಕೆಯಾಯಿತು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ತಾಯಿ ರುಕ್ಮವ್ವ ಹಿಟ್ಟಿನ ಕೈಯಲ್ಲೇ ಹೊರಬಂದು ಮಗನ ಮುಂದೆ ಕೂತಳು. ಬೈಯುತ್ತಾಳೆಂದು ಇಬ್ಬರೂ ಕಾದರು. ಅವಳು ಬೈಯಲಿಲ್ಲ.

"ನಿನ್ನ ಕಾಲ ಯಾಕ ಕೊಯ್ಸ್ಕೋತಿ ನನ್ನಪ್ಪಾ? ಉಳದ ಮೂರು ಮಂದಿ ಬಾಗಲಿ. ಬಾ, ಅವರಿಗೆ ಇವತ್ತ ಹೇಳಿ ಇಡೂಣು."

ರಟ್ಟೆ ಹಿಡಿದು ಎಬ್ಬಿಸಿ, ಎದುರುಮನೆಗೆ ಕರೆದೊಯ್ದಳು. ಕಟ್ಟೆಯ ಮೇಲೆ ಅವಳ ಅಣ್ಣನ ಮಗ, ಅಂದು ಹೆಗಲು ಕೊಟ್ಟ ಮೂವರಲ್ಲೊಬ್ಬನಾದ ಆರಡಿಯ ಧೂಳಪ್ಪ ಚಹಾ ಕುಡಿಯುತ್ತಿದ್ದ. ಅವನನ್ನು ಇಳಿಸಿ ಮಗನ ಪಕ್ಕ ನಿಲ್ಲಿಸಿದಳು. ತಾನು ಹೋಗುವ ದಿನ ಹೇಗೆ ಹೊರಬೇಕೆಂದು ಅವಳು ಹೇಳತೊಡಗಿದಾಗ ಧೂಳಪ್ಪ ನಗಬೇಕೋ ಅಳಬೇಕೋ ತಿಳಿಯದೆ ನಿಂತ.

ವಿಶಾಖಾ ಬಾಗಿಲಲ್ಲಿ ನಿಂತು ನೋಡಿದಳು. ರುಕ್ಮವ್ವ ತುದಿಗಾಲಲ್ಲಿ ನಿಂತು ಧೂಳಪ್ಪನ ಹೆಗಲ ಮೇಲೆ ಕೈಯಿಟ್ಟು ಒತ್ತುತ್ತಿದ್ದಳು, ಅದು ರಾಜಾರಾಮನ ಹೆಗಲಿಗೆ ಸಮ ಬರುವವರೆಗೆ.