ನಾಲ್ಕು ಹಸಿರು ದೀಪಗಳು

ದೇವರು ಕೆಲವರ ಕೈಗೆ ಗಂಟು ಹಾಕುವ ವಿದ್ಯೆಯನ್ನು ಬೇಗ ಕೊಟ್ಟುಬಿಡುತ್ತಾನೆ. ಗಂಟಿನಾಚೆಯ ಹಗ್ಗ ಎಲ್ಲಿಗೆ ಹೋಗುತ್ತದೆಂದು ನೋಡುವ ಬುದ್ಧಿಯನ್ನು ಮಾತ್ರ ತಡವಾಗಿ ಕೊಡುತ್ತಾನೆ. ತಂತಿಮಾವನ ವಿಷಯದಲ್ಲಿ ಹಾಗೇ ಆಯಿತು.

ರೇಡಿಯೊ ರಿಪೇರಿಯ ಆ ಮನುಷ್ಯನನ್ನು ಮುದುಕರೂ ಮಕ್ಕಳೂ ಕರೆಯುತ್ತಿದ್ದುದು ತಂತಿಮಾವ ಎಂದೇ. ಆ ಊರಿನ ಇಂಟರ್‌ನೆಟ್ಟು ತೆವಳುತ್ತಿತ್ತು. ಚಿಕಿತ್ಸಾಲಯದ ಪರದೆಯಲ್ಲಿ ಪಟ್ಟಣದ ಡಾಕ್ಟರಮ್ಮ ಬಾಯಿ ತೆರೆದರೆ, ಮಾತು ಬಂದು ಮುಟ್ಟುವಷ್ಟರಲ್ಲಿ ರೋಗಿ ಚಪ್ಪಲಿ ಮೆಟ್ಟಿ ಹೊರಟಿರುತ್ತಿದ್ದ. ತಂತಿಮಾವ ಹಳೆಯ ಟೆಲಿಫೋನ್ ತಂತಿ, ಎರಡು ಬೇರೆ ಬೇರೆ ಕಂಪನಿಗಳ ಸಿಮ್ಮು, ಹಿಟ್ಟಿನ ಗಿರಣಿಯ ತಾರಸಿಯ ಮೇಲಿನ ಆಂಟೆನಾ ತಟ್ಟೆ, ಇಷ್ಟನ್ನೂ ತಂದು ಒಂದೇ ಪೆಟ್ಟಿಗೆಗೆ ಸೇರಿಸಿದ. ಚಿತ್ರವೂ ಮಾತೂ ಚೂರುಚೂರಾಗಿ ನಾಲ್ಕು ದಾರಿಯಲ್ಲಿ ಬಂದು ಪೆಟ್ಟಿಗೆಯೊಳಗೆ ಮತ್ತೆ ಒಂದಾಗುತ್ತಿದ್ದವು. ದಾರಿಗೊಂದರಂತೆ ನಾಲ್ಕು ಹಸಿರು ದೀಪ.

ಪ್ರತಿ ಸೋಮವಾರ ಬೆಳಿಗ್ಗೆ ಅವನು ಬಂದು, ಬೆಂಚಿನ ಮೇಲೆ ಕುಳಿತ ರೋಗಿಗಳ ಎದುರಿಗೇ ಒಂದು ತಂತಿ ಕೀಳುತ್ತಿದ್ದ. ಒಂದು ದೀಪ ಆರುತ್ತಿತ್ತು, ಚಿತ್ರ ನಿಲ್ಲುತ್ತಿರಲಿಲ್ಲ. ಅದನ್ನು ಸಿಕ್ಕಿಸಿ ಇನ್ನೊಂದು ಕೀಳುತ್ತಿದ್ದ.

"ನೋಡಿದ್ರಾ? ಒಂದು ಸತ್ರೆ ಮೂರು ಇದಾವೆ!"

"ಸಾಕು ಮಾರಾಯ, ಕೀಳಬೇಡ, ನನ್ನ ಬಿ.ಪಿ. ಏರ್ತದೆ," ಎನ್ನುತ್ತಿದ್ದಳು ನರ್ಸಮ್ಮ.

ಅವನ ಮಗಳು ಚೊಚ್ಚಲ ಬಸುರಿ. ಒಂಬತ್ತನೆಯ ತಿಂಗಳಲ್ಲಿ ಡಾಕ್ಟರಮ್ಮ ಪರದೆಯಿಂದ ಹೇಳಿದಳು: "ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿದೆ. ಹೆಚ್ಚಿನ ಸಲ ಏನೂ ಆಗಲ್ಲ. ಆದ್ರೆ ನೋವು ಶುರುವಾದ್ಮೇಲೆ ಮಗುವಿನ ಎದೆಬಡಿತ ಒಂದು ಗಳಿಗೆನೂ ತಪ್ಪದೆ ನನಗೆ ಕಾಣ್ತಿರಬೇಕು. ಆ ಖಾತ್ರಿ ಇಲ್ದಿದ್ರೆ ಈ ವಾರವೇ ಇಲ್ಲಿಗೆ ಬಂದು ಸೇರ್ಕೊಳ್ಳಿ."

ಹೆಂಡತಿ ಅಂದೇ ಬಟ್ಟೆ ಮಡಿಸತೊಡಗಿದಳು. ತಂತಿಮಾವ ನಕ್ಕ.

"ಯಾಕೆ ಅಷ್ಟು ದೂರ ಅವಳನ್ನ ಕುಲುಕಿಸ್ಕೊಂಡು ಹೋಗೋದು? ಒಂದಲ್ಲ, ಎರಡಲ್ಲ, ನಾಲ್ಕು ದಾರಿ ಕಟ್ಟಿದೀನಿ."

"ಹಿತ್ತಲ ಬಾಗಿಲ ಚಿಲಕ ಹಾಕಿಕೊಡಿ ಅಂದು ಮೂರು ವರ್ಷ ಆಯ್ತು. ಇವರು ನಾಲ್ಕು ದಾರಿ ಕಟ್ಟಿದಾರಂತೆ," ಎಂದಳು ಹೆಂಡತಿ.

ಮಗಳು ಅಪ್ಪನ ಮುಖ ನೋಡಿದಳು. "ಅಪ್ಪ ಇದ್ದಾರಲ್ಲ, ಇಲ್ಲೇ ಆಗ್ಲಿ ಬಿಡಮ್ಮ," ಎಂದಳು. ಮಡಿಸಿದ ಬಟ್ಟೆ ಮತ್ತೆ ಕಪಾಟು ಸೇರಿತು.

ನರ್ಸಮ್ಮ ಮಾತ್ರ ಒಮ್ಮೆ ಕೇಳಿದಳು: "ಅಲ್ಲ ಮಾವ, ಈ ನಾಲ್ಕೂ ಊರು ದಾಟಿದ ಮೇಲೆ ಎಲ್ಲಿಗೆ ಹೋಗ್ತವೆ?"

"ಎಲ್ಲಿಗೆ ಅಂದ್ರೆ? ಪಟ್ಟಣಕ್ಕೆ!" ಎಂದ ಅವನು.

ಆ ವಾರ ಚರಂಡಿ ತೋಡುವ ಯಂತ್ರವೊಂದು ರಸ್ತೆಯಂಚಿಗೆ ಬಂದಿತ್ತು. ದಿನಕ್ಕಿಷ್ಟು ದೂರ ಮಣ್ಣು ಕಚ್ಚುತ್ತ ಸೇತುವೆಯ ಕಡೆಗೆ ಸಾಗುತ್ತಿತ್ತು. ಅದರ ಗುಡುಗುಡು ಚಿಕಿತ್ಸಾಲಯದ ಕಿಟಕಿಯ ಗಾಜಿನಲ್ಲಿ ಸದಾ ನಡುಗುತ್ತಿತ್ತು. ಕೇಳಿ ಕೇಳಿ ಎಲ್ಲರೂ ಅದನ್ನು ಕೇಳುವುದನ್ನೇ ಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ನೋವು ಬಂತು. ಮಗಳ ಹೊಟ್ಟೆಗೆ ಬಡಿತ ಹಿಡಿಯುವ ಪಟ್ಟಿ ಕಟ್ಟಿದರು. ಪರದೆಯ ಮೂಲೆಯಲ್ಲಿ ಬಡಿತ ನೂರ ನಲವತ್ತು. ತಂತಿಮಾವ ಪೆಟ್ಟಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ನಾಲ್ಕು ದೀಪಗಳ ಎದುರು ಕೈಮುಗಿದವನಂತೆ ಕುಳಿತ. ಮಧ್ಯಾಹ್ನದ ಹೊತ್ತಿಗೆ ಸಂಖ್ಯೆ ನೂರ ಹತ್ತಕ್ಕೆ ಇಳಿಯಿತು, ಏರಿತು, ತೊಂಬತ್ತಕ್ಕೆ ಇಳಿಯಿತು.

"ಎಡಕ್ಕೆ ಹೊರಳಿಸಿ. ಇನ್ನೊಂದು ನೋವು ನೋಡ್ತೀನಿ, ಆಗಲೂ ಮೇಲೆ ಬರದಿದ್ರೆ ತಕ್ಷಣ..." ಎಂದಳು ಡಾಕ್ಟರಮ್ಮ.

ಅವಳ ಬಾಯಿ ತೆರೆದಂತೆಯೇ ನಿಂತುಹೋಯಿತು. ನಾಲ್ಕು ದೀಪಗಳೂ ಒಂದೇ ಉಸಿರಿಗೆ ಆರಿದವು.

ತಂತಿಮಾವ ಒಂದು ತಂತಿ ಕಿತ್ತು ಸಿಕ್ಕಿಸಿದ. ಇನ್ನೊಂದು. ಮತ್ತೊಂದು. ಸೋಮವಾರ ಮಾಡುತ್ತಿದ್ದಂತೆಯೇ, ಅದೇ ಸರದಿಯಲ್ಲಿ. ಆಗ ಅವನಿಗೆ ಇನ್ನೊಂದು ತಿಳಿಯಿತು. ಕಿಟಕಿಯ ಗಾಜು ನಡುಗುತ್ತಿರಲಿಲ್ಲ. ಹೊರಗೆ ಯಂತ್ರದ ಸದ್ದು ನಿಂತಿತ್ತು.

ನರ್ಸಮ್ಮ ಕಪಾಟಿನ ಹಿಂದಿನಿಂದ ಮರದ ಹಳೆಯ ಕೊಳವೆ ತೆಗೆದು, ಹೊಟ್ಟೆಗೊತ್ತಿ ಕಿವಿಯಿಟ್ಟಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು.

"ಗಾಡಿ ತರಿಸಿ. ಈಗಲೇ," ಎಂದಳು.

ಗಿರಣಿಯವನ ಜೀಪು ಸೇತುವೆಯವರೆಗೆ ಮಾತ್ರ ಹೋಯಿತು. ಅಲ್ಲಿ ರಸ್ತೆಯನ್ನೇ ಅಡ್ಡಕ್ಕೆ ಸೀಳಿದ ಗುಂಡಿ. ಅಂಚಿನಲ್ಲಿ ಯಂತ್ರದವನು ಹೆಬ್ಬೆರಳು ದಪ್ಪದ ಕಪ್ಪು ಕೇಬಲ್ಲಿನ ತುಂಡು ಹಿಡಿದು, ಹಾವು ಹಿಡಿದವನಂತೆ ನಿಂತಿದ್ದ.

"ಮಾವ, ಇದು ಯಾವುದರದ್ದು?"

ತಂತಿಮಾವ ನೋಡಿದ. ಟೆಲಿಫೋನಿನ ತಂತಿ ಬಂದು ಸೇರುತ್ತಿದ್ದುದು ಇದನ್ನೇ. ಎರಡೂ ಸಿಮ್ಮಿಗಿದ್ದ ಒಂದೇ ಮೊಬೈಲ್ ಗೋಪುರದ ಕಾಲಿನಿಂದ ಇಳಿದದ್ದೂ ಇದೇ. ಗಿರಣಿಯ ತಟ್ಟೆ ಮುಖ ಮಾಡಿದ್ದು ಆ ಗೋಪುರಕ್ಕೇ. ಪ್ರತಿ ಸೋಮವಾರ ಪೆಟ್ಟಿಗೆಯ ಬಳಿ ತಂತಿ ಕೀಳುತ್ತಿದ್ದವನು ಒಂದು ದಿನವೂ ತಂತಿಯ ಹಿಂದೆ ಇಲ್ಲಿಯವರೆಗೆ ನಡೆದು ಬಂದಿರಲಿಲ್ಲ.

"ನಾಲ್ಕೂ," ಎಂದ.

"ಈಗ ಮಣ್ಣು ಮುಚ್ಚಿದ್ರೆ ಈ ತುದಿ ಹುಡುಕೋಕೆ ವಾರ ಬೇಕಾಗ್ತದೆ. ಅಲ್ಲೀತನಕ ಊರಿಗೆ ಫೋನೂ ಇಲ್ಲ, ಏನೂ ಇಲ್ಲ."

"ಮುಚ್ಚಪ್ಪ."

ಯಂತ್ರ ಮಣ್ಣು ಸುರಿಯಿತು, ತಟ್ಟಿತು, ಮತ್ತೆ ಸುರಿಯಿತು. ಜೀಪಿನೊಳಗೆ ನರ್ಸಮ್ಮ ಕೊಳವೆಗೆ ಕಿವಿ ಹಚ್ಚಿ, ಬೆರಳಿನಿಂದ ಬಾಗಿಲ ತಗಡಿನ ಮೇಲೆ ಮಗುವಿನ ಬಡಿತವನ್ನು ತಟ್ಟುತ್ತಿದ್ದಳು. ಟಕ್. ಟಕ್. ಎರಡರ ನಡುವೆ ತಂತಿಮಾವನಿಗೆ ಒಂದು ಪ್ರಾರ್ಥನೆಯನ್ನು ಅರ್ಧ ಹೇಳುವಷ್ಟು ಬಿಡುವು ಸಿಗುತ್ತಿತ್ತು. ಅಷ್ಟು ಬಿಡುವು ಸಿಗಬಾರದಿತ್ತು. ಗುಂಡಿ ತುಂಬಲು ಹದಿನೆಂಟು ನಿಮಿಷ ಹಿಡಿಯಿತು.

ಪಟ್ಟಣದಲ್ಲಿ ಹೊಟ್ಟೆ ಕೊಯ್ದು ತೆಗೆದರು. ಗಂಡು ಮಗು, ನೀಲಿ ತುಟಿ. ಬಹಳ ಹೊತ್ತು ಅಳಲಿಲ್ಲ, ಆಮೇಲೆ ಅತ್ತಿತು.

"ತಾಯಿಗೆ ಏನೂ ತೊಂದರೆ ಇಲ್ಲ. ಮಗು ಉಸಿರಾಡ್ತಿದೆ," ಎಂದಳು ಡಾಕ್ಟರಮ್ಮ. ಪರದೆಯಿಲ್ಲದೆ ಅವಳ ಮುಖ ಚಿಕ್ಕದಾಗಿ ಕಂಡಿತು. "ಉಸಿರಿಲ್ಲದ ಹೊತ್ತಿನಲ್ಲಿ ತಲೆಯೊಳಗೇನಾಗಿದೆ ಅಂತ ಈಗ ಹೇಳೋಕಾಗಲ್ಲ. ಕೇಳಿಸುತ್ತಾ, ತಿರುಗಿ ನೋಡುತ್ತಾ, ಅದೆಲ್ಲ ಬೆಳೀತಾ ಬೆಳೀತಾ ಗೊತ್ತಾಗ್ಬೇಕು."

ಕೇಬಲ್ಲಿಗೆ ಮತ್ತೆ ಗಂಟು ಬಿತ್ತು. ಚಿಕಿತ್ಸಾಲಯದಲ್ಲಿ ನಾಲ್ಕು ದೀಪಗಳೂ ಏನೂ ಆಗಿಲ್ಲವೆಂಬಂತೆ ಹಸಿರಾಗಿ ಉರಿಯತೊಡಗಿದವು. ಸೋಮವಾರ ತಂತಿಮಾವ ಅತ್ತ ಹೋಗುವುದನ್ನು ಬಿಟ್ಟ.

ಮಗುವಿನ ಐದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಮಗಳು ಸ್ನಾನಕ್ಕೆ ಹೋದಾಗ, ಅವನು ಸದ್ದಿಲ್ಲದೆ ತೊಟ್ಟಿಲ ತಲೆಯ ಕಡೆ ಹೋಗಿ ನಿಂತ. ಮಗು ಸೂರು ನೋಡುತ್ತಿತ್ತು. ಜೋರಾಗಿ ಒಮ್ಮೆ ಚಪ್ಪಾಳೆ ತಟ್ಟಿದ. ಕಾದ. ಮಗು ಸೂರು ನೋಡುತ್ತಲೇ ಇತ್ತು. ಇನ್ನೊಮ್ಮೆ ತಟ್ಟಿದ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಏನ್ರೀ ಅದು?"

"ಸೊಳ್ಳೆ," ಎಂದ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಎರಡೂ ಅಂಗೈ ಕೆಂಪಗಿದ್ದವು.

"ಹೂಂ," ಎಂದಳು. "ನಾನೂ ಬೆಳಿಗ್ಗೆಯಿಂದ ಹೊಡೀತಾನೇ ಇದೀನಿ."